ಚಾರ್ಮಾಡಿಯಲ್ಲಿ ಕಾಣುವುದು ಮೂಸ್ ಅಲ್ಲ, ಕಡವೆ; ಕತ್ತಿನ ‘ಗಾಯ’ ರೋಗವೂ ಅಲ್ಲ

‘ಕುದುರೆಗಿಂತ ದೊಡ್ಡ ಜಿಂಕೆ ಚಾರ್ಮಾಡಿ ಘಾಟಿಯಲ್ಲಿ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲಿನ ಜೊತೆ ಒಂದು ವಿಡಿಯೋ ಬಂದರೆ ಸಾಕು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗ್ರೂಪ್‌ಗಳನ್ನೆಲ್ಲ ಸುತ್ತಿ ಬರಲು ಅದಕ್ಕೆ ಹೆಚ್ಚು ಹೊತ್ತು ಬೇಡ. ಇಂಥದ್ದು ಬಂದಾಗ ನಾವು ಮೊದಲು ನೋಡುವುದು ಕೊಂಬನ್ನು.

ಕೊಂಬು ಬಿಚ್ಚಿದ ಅಂಗೈಯಂತೆ ಅಗಲವಾಗಿದ್ದು, ಮೂತಿ ಉದ್ದವಾಗಿ ಜೋತುಬಿದ್ದಿದ್ದರೆ ಅದು ಮೂಸ್. ಜಿಂಕೆ ಕುಟುಂಬದಲ್ಲೇ ದೊಡ್ಡದು. ಭುಜದ ಎತ್ತರ ಸುಮಾರು 2 ಮೀಟರ್, ದೊಡ್ಡ ಗಂಡು 600 ಕಿಲೋ ದಾಟುತ್ತದೆ. ಕೆನಡಾ, ಅಲಾಸ್ಕಾ, ನಾರ್ವೆ, ಸ್ವೀಡನ್, ರಷ್ಯಾದ ಚಳಿ ಕಾಡುಗಳು ಅದರ ನೆಲೆ. ಬೇಸಿಗೆಯಲ್ಲಿ 14 ಡಿಗ್ರಿ ಸೆಲ್ಸಿಯಸ್ ದಾಟಿದರೇ ಅದಕ್ಕೆ ಸೆಕೆ ಎಂಬುದು ಸಂಶೋಧಕರ ಲೆಕ್ಕ. ಬಂಟ್ವಾಳದ ಏಪ್ರಿಲ್ ತಿಂಗಳಲ್ಲಿ ಅದರ ಪಾಡು ಊಹಿಸಿಕೊಳ್ಳಿ! ಭಾರತದ ಯಾವ ಕಾಡಿನಲ್ಲೂ ಮೂಸ್ ಇಲ್ಲ.

ನಮ್ಮಲ್ಲಿರುವುದು ಕಡವೆ, ತುಳುವಿನಲ್ಲಿ ಕಡಮ. ಭಾರತದ ಅತಿ ದೊಡ್ಡ ಜಿಂಕೆ ಇದೇ. ಗಂಡು ಸಾಮಾನ್ಯವಾಗಿ 200ರಿಂದ 300 ಕಿಲೋ ತೂಗುತ್ತದೆ. ಒರಟು ಕಂದು ಕೂದಲು, ಮೈಮೇಲೆ ಚುಕ್ಕೆಯಿಲ್ಲ, ಒಂದೊಂದು ಕೊಂಬಿಗೂ ಸಾಮಾನ್ಯವಾಗಿ ಮೂರು ಕವಲು. ಬೆಳ್ತಂಗಡಿ ತಾಲೂಕಿಗೆ ತಾಗಿಕೊಂಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು, ನೀರಿರುವ ಕಣಿವೆಗಳು ಇದಕ್ಕೆ ಇಷ್ಟ. ಹೆಚ್ಚಾಗಿ ರಾತ್ರಿ ಓಡಾಡುವುದರಿಂದ ಕಾರಿನ ಲೈಟಿಗೆ ಸಿಕ್ಕಾಗ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೆಸರಿನ ಗೊಂದಲ ಹಳೆಯದು. ಯುರೋಪಿನಲ್ಲಿ ಮೂಸನ್ನು ‘ಎಲ್ಕ್’ ಎನ್ನುತ್ತಾರೆ. ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ಬೇಟೆಯಾಡಿದ ಬ್ರಿಟಿಷರು ನಮ್ಮ ಕಡವೆಯನ್ನೂ ‘ಎಲ್ಕ್’ ಎಂದೇ ಬರೆದರು. ಮೊಬೈಲಿನಲ್ಲಿ ಆ ಪದ ಹುಡುಕಿದರೆ ಬರುವುದು ಬೇರೆಯೇ ಪ್ರಾಣಿಯ ಚಿತ್ರ.

ಇದಕ್ಕಿಂತ ಅಪಾಯದ ಫಾರ್ವರ್ಡ್ ಇನ್ನೊಂದು: ಕಡವೆಯ ಕತ್ತಿನ ಕೆಳಗೆ ಕೂದಲು ಉದುರಿ, ಕೆಂಪಾಗಿ, ರಸ ಒಸರುವ ಕಲೆಯ ಫೋಟೋ. ‘ಗುಂಡೇಟು’, ‘ದನಗಳಿಗೆ ಹರಡುವ ರೋಗ’ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಆರೋಗ್ಯವಂತ ಕಡವೆಗಳಲ್ಲೂ, ಮುಖ್ಯವಾಗಿ ಬೆದೆಯ ಕಾಲದಲ್ಲಿ, ಈ ಕಲೆ ಕಾಣುತ್ತದೆ. ಅದು ವಾಸನೆಯ ಗ್ರಂಥಿಗೆ ಸಂಬಂಧಿಸಿದ್ದು. ರೋಗದ ಪ್ರಾಣಿ ಎಂದು ಜನ ದೊಣ್ಣೆ ಹಿಡಿದು ಹೊರಟರೆ ಸಾಯುವುದು ಏನೂ ಆಗದ ಕಡವೆ.

ಗಂಡು ಕಡವೆಯ ಕೊಂಬು ಕಳಚಿ ಬಿದ್ದು ಮತ್ತೆ ಬೆಳೆಯುತ್ತದೆ. ‘ತಾನಾಗಿ ಬಿದ್ದದ್ದಲ್ವಾ, ಮನೆಗೆ ತಂದರೇನು?’ ಎಂದು ಕೇಳುವವರಿದ್ದಾರೆ. ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಸರ್ಕಾರದ ಸ್ವತ್ತು, ಅನುಮತಿಯಿಲ್ಲದೆ ಇಟ್ಟುಕೊಂಡರೆ ಕೇಸು. ನಿಜವಾಗಿ ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅದು ನಿಂತಿರುವ ಜಾಗವನ್ನು ಗ್ರೂಪಿನಲ್ಲಿ ಹಾಕಬೇಡಿ, ಬೇಟೆಗಾರರ ಹತ್ತಿರವೂ ಮೊಬೈಲ್ ಇದೆ.