ತುಡಿತವನ್ನು ಕೂತು ನೋಡುವ ವಿದ್ಯೆ

ವೋಡ್ಕಾ ಎಂದು ಹೇಳಿ ಬರೀ ಟಾನಿಕ್ ನೀರು ಕೊಟ್ಟರೆ ಕುಡುಕ ಏನು ಮಾಡುತ್ತಾನೆ? ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನು ನಿಜಕ್ಕೂ ಮಾಡಿ ನೋಡಿದರು. ಅವರೂ ಸಂಗಡಿಗರೂ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್, ಕೆಲವರಿಗೆ ಖಾಲಿ ಟಾನಿಕ್. ಅರ್ಧದಷ್ಟು ಜನರಿಗೆ ಹೇಳಿದ್ದೊಂದು, ಕೊಟ್ಟಿದ್ದೊಂದು. ರುಚಿ ನೋಡಿ ಅಂಕ ಕೊಡಿ ಎನ್ನುವುದು ನೆಪ; ಯಾರು ಎಷ್ಟು ಹೀರುತ್ತಾರೆ ಎಂಬುದು ಅಸಲು ಲೆಕ್ಕ.

ಒಂದು ಗುಟುಕು ಒಳಗಿಳಿದರೆ ಸಾಕು, ಕುಡುಕನಿಗೆ ತನ್ನ ಮೇಲೆ ಹಿಡಿತವೇ ಇರುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ಫಲಿತಾಂಶ ಹಾಗೆ ಬರಲಿಲ್ಲ. ವೋಡ್ಕಾ ಇದೆ ಎಂದುಕೊಂಡವರು ಹೆಚ್ಚು ಕುಡಿದರು, ಗ್ಲಾಸಿನಲ್ಲಿ ಅದು ಇರಲಿ ಬಿಡಲಿ. ಬರೀ ಟಾನಿಕ್ ಎಂದು ನಂಬಿ ವೋಡ್ಕಾ ಕುಡಿದವರು ಅಷ್ಟಕ್ಕೆ ಹೋಗಲಿಲ್ಲ. ಮುಂದೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಲಟ್ ಇಂಥ ಪ್ರಯೋಗಗಳಿಗೆಂದೇ ಪ್ರಯೋಗಾಲಯದೊಳಗೆ ಒಂದು ಬಾರ್ ಕಟ್ಟಿಸಿದರು. ಲೆಕ್ಕಪತ್ರದಲ್ಲಿ ಅದನ್ನು ಯಾವ ಬಾಬಿಗೆ ಹಾಕಿದರೋ!

ಬಿಟ್ಟವರು ಮತ್ತೆ ಯಾಕೆ ಹಿಡಿಯುತ್ತಾರೆ ಎಂಬುದು ಅವರ ಬೆನ್ನುಬಿಡದ ಪ್ರಶ್ನೆ. ಕುಡಿತ, ಸಿಗರೇಟು, ಹೆರಾಯಿನ್, ಜೂಜು, ಅತಿಯಾದ ತಿನಿಸು ಎಲ್ಲ ಸೇರಿಸಿ ಇಂಥ 311 ಪ್ರಸಂಗಗಳನ್ನು ಅವರ ತಂಡ ಜಾಲಾಡಿತು. ನೂರಕ್ಕೆ ಸುಮಾರು 35ರಲ್ಲಿ ಕಾರಣ ಬೇಸರ, ಸಿಟ್ಟು, ಕಳವಳದಂಥ ಮನಸ್ಸಿನ ಕಸಿವಿಸಿ. ಉಳಿದವುಗಳಲ್ಲಿ ಜಗಳ ಮತ್ತು ಗೆಳೆಯರ ಒತ್ತಾಯದ ಪಾಲು ದೊಡ್ಡದು. ಇದಕ್ಕಿಂತ ಮುಖ್ಯವಾದದ್ದು ಮೊದಲ ಗ್ಲಾಸಿನ ನಂತರ ಆಗುತ್ತಿದ್ದುದು. ತಿಂಗಳುಗಟ್ಟಲೆ ಬಿಟ್ಟಿದ್ದವನು ಒಮ್ಮೆ ಜಾರುತ್ತಾನೆ. ‘ನನ್ನ ಹಣೆಬರಹವೇ ಇಷ್ಟು’ ಎಂದುಕೊಳ್ಳುತ್ತಾನೆ. ಆ ನಾಚಿಕೆಯನ್ನು ಮರೆಯಲು ಎರಡನೆಯದು, ಮೂರನೆಯದು. ಬದಲಾಗಬೇಕೆಂಬ ಆಸೆಯನ್ನು ಮುರಿಯುತ್ತಿದ್ದುದು ಜಾರಿಕೆಗಿಂತ ಹೆಚ್ಚಾಗಿ ಅದರ ಬಗ್ಗೆ ಅವನು ತನಗೆ ತಾನೇ ಕೊಟ್ಟುಕೊಂಡ ತೀರ್ಪು. ಮನೆಯವರ ಬೈಗುಳವೂ ಇದೇ ತೀರ್ಪಿಗೆ ಸಾಕ್ಷಿ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಧ್ಯಾನ ಅವರ ಬಾಳಿಗೆ ಬಂದದ್ದು ಬೇರೆ ದಾರಿಯಿಂದ. 1970ರ ದಶಕದಲ್ಲಿ ರಕ್ತದೊತ್ತಡ ಏರಿತ್ತು. ವೈದ್ಯರ ಸಲಹೆಯ ಮೇರೆಗೆ ಮಹರ್ಷಿ ಮಹೇಶ ಯೋಗಿಗಳ ಭಾವಾತೀತ ಧ್ಯಾನ ಕಲಿತರು. ಹೆಚ್ಚು ಕುಡಿಯುವ ವಿದ್ಯಾರ್ಥಿಗಳ ಮೇಲೆ ಧ್ಯಾನವನ್ನು ಪ್ರಯೋಗಿಸಿ ನೋಡಿದರು. ಆಮೇಲೆ ವಿಪಶ್ಯನ ಎಂಬ ಧ್ಯಾನದ ಕಡೆ ವಾಲಿದರು. ತುಡಿತ ಎನ್ನುವುದು ಅಲೆಯ ಹಾಗೆ ಏರುತ್ತದೆ, ತುದಿ ಮುಟ್ಟುತ್ತದೆ, ಸುಮ್ಮನಿದ್ದರೆ ಇಳಿಯುತ್ತದೆ. ಅದರೊಡನೆ ಗುದ್ದಾಡಲೂ ಬೇಡ, ಶರಣಾಗಲೂ ಬೇಡ, ಅದರ ಮೇಲೆ ತೇಲುತ್ತಾ ಉಸಿರು ಗಮನಿಸಿ ಎಂದು ಚಿಕಿತ್ಸೆಗೆ ಬಂದವರಿಗೆ ಹೇಳಿಕೊಡತೊಡಗಿದರು.

ಹೇಳುವುದು ಸುಲಭ, ಪುರಾವೆ ಬೇಕಲ್ಲ? ಅದು ಸಿಕ್ಕಿದ್ದು ಜೈಲಿನಲ್ಲಿ. ದೆಹಲಿಯ ತಿಹಾರ್ ಜೈಲಿನ ಹೊಣೆ ಹೊತ್ತಿದ್ದ ಕಿರಣ್ ಬೇಡಿ, ಸತ್ಯನಾರಾಯಣ ಗೋಯೆಂಕಾ ಅವರ ವಿಪಶ್ಯನ ಶಿಬಿರಗಳಿಗೆ ಬಾಗಿಲು ತೆರೆದಿದ್ದರು. 1994ರ ಒಂದು ಶಿಬಿರದಲ್ಲಿ ಕೂತವರು ಸಾವಿರಕ್ಕೂ ಹೆಚ್ಚು ಕೈದಿಗಳು. ಈ ಸುದ್ದಿ ಸಾಕ್ಷ್ಯಚಿತ್ರವಾಗಿ ದೇಶ ದಾಟಿತು. 1997ರಲ್ಲಿ ಸಿಯಾಟಲ್‌ನ ‘ನಾರ್ತ್ ರೀಹ್ಯಾಬಿಲಿಟೇಶನ್ ಫೆಸಿಲಿಟಿ’ ಎಂಬ ಜೈಲಿನಲ್ಲಿ ಅದೇ ಹತ್ತು ದಿನದ ಶಿಬಿರ ಶುರುವಾಯಿತು. ಅಲ್ಲಿನ ಬಹುತೇಕರದು ಕುಡಿತದ, ಮಾದಕವಸ್ತುವಿನ ಕತೆಯೇ. ನಸುಕಿನಲ್ಲಿ ಏಳುವುದು, ಮಾತಿಲ್ಲ, ಓದಿಲ್ಲ, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು. ಮಾರ್ಲಟ್ ತಂಡ ಅವರನ್ನು ಬಿಡುಗಡೆಯಾಗಿ ಮೂರು ತಿಂಗಳವರೆಗೂ ವಿಚಾರಿಸಿತು. ಶಿಬಿರದಲ್ಲಿ ಕೂತವರು ಕೂರದವರಿಗಿಂತ ಮದ್ಯ, ಗಾಂಜಾ, ಕ್ರ್ಯಾಕ್ ಕೊಕೇನ್ ಮೂರನ್ನೂ ಕಡಿಮೆ ಬಳಸುತ್ತಿದ್ದರು. ತಂಡದ ಸಾರಾ ಬೋವೆನ್ ಮತ್ತು ಸಂಗಡಿಗರ ಹೆಸರಿನಲ್ಲಿ ಇದು 2006ರಲ್ಲಿ ಪ್ರಕಟವಾಯಿತು. ಬೇಡದ ಯೋಚನೆಯನ್ನು ಅದುಮಿಡುವ ಚಾಳಿಯೂ ಅವರಲ್ಲಿ ಇಳಿದಿತ್ತು ಎಂದು ಮರುವರ್ಷದ ಲೇಖನ ತೋರಿಸಿತು.

ಇಲ್ಲೊಂದು ತೊಡಕಿತ್ತು. ಶಿಬಿರಕ್ಕೆ ಯಾರನ್ನೂ ಎಳೆದು ತಂದಿರಲಿಲ್ಲ. ಹತ್ತು ದಿನ ಬಾಯಿ ಮುಚ್ಚಿ ಕೂರಲು ತಾನಾಗಿ ಮುಂದೆ ಬಂದವನಿಗೆ ಬದಲಾಗುವ ಮನಸ್ಸು ಮೊದಲೇ ಇದ್ದಿರಬಹುದಲ್ಲ? ಗುಣ ಧ್ಯಾನದ್ದೋ, ಆ ಮನಸ್ಸಿನದೋ? ಇಡೀ ಕತೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಈ ಅನುಮಾನ. ಒಳ್ಳೆಯ ಸುದ್ದಿಯನ್ನು ಹಿಡಿದುಕೊಂಡು ಕುಣಿಯುವುದಕ್ಕೆ ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ತಂಡ ಚೀಟಿ ಎತ್ತಿದಂತೆ ಜನರನ್ನು ಹಂಚುವ ಪ್ರಯೋಗಕ್ಕೆ ಇಳಿಯಿತು. ಜಾನ್ ಕಬಾಟ್-ಜಿನ್ ಅವರ ಎಂಟು ವಾರದ ಧ್ಯಾನದ ಮಾದರಿಯನ್ನೂ, ಬಿಟ್ಟವರು ಮತ್ತೆ ಜಾರದಂತೆ ತಡೆಯಲು ಮಾರ್ಲಟ್ ಮೊದಲೇ ರೂಪಿಸಿದ್ದ ಹಳೆಯ ವಿಧಾನವನ್ನೂ ಬೆಸೆದು, ತಂಡದ ನೇಹಾ ಚಾವ್ಲಾ ಕೂಡ ಸೇರಿ, ಹೊಸ ಚಿಕಿತ್ಸೆ ರೂಪಿಸಿದರು.

ಮಾರ್ಲಟ್ 2011ರಲ್ಲಿ ತೀರಿಕೊಂಡರು. ದೊಡ್ಡ ಪ್ರಯೋಗದ ಫಲ ಬಂದದ್ದು 2014ರಲ್ಲಿ: 286 ಜನ, ಮೂರು ಗುಂಪು. ಮಾಮೂಲಿ ಚಿಕಿತ್ಸೆಗಿಂತ ಹೊಸ ವಿಧಾನ, ಹಳೆಯ ವಿಧಾನ ಎರಡೂ ಮೇಲು. ಮಾದಕವಸ್ತುವಿನ ಮೊದಲ ಜಾರಿಕೆಯನ್ನು ಹೆಚ್ಚು ಕಾಲ ತಡೆದದ್ದು ಹಳೆಯದು. ವರ್ಷದ ಕೊನೆಗೆ ನೋಡಿದರೆ ಕಡಿಮೆ ದಿನ ಬಳಸಿದವರು ಧ್ಯಾನ ಸೇರಿದ ಹೊಸ ಗುಂಪಿನವರು. ಪವಾಡವೇನಲ್ಲ, ಆದರೆ ಜಾರಿದವನಿಗೂ ಮತ್ತೆ ಎದ್ದು ನಿಲ್ಲಲು ಜಾಗ ಉಳಿಯಿತು.

ಇದನ್ನು ಓದಿ, ವರ್ಷಾನುಗಟ್ಟಲೆ ದಿನವೂ ಕುಡಿಯುವವರ ಬಾಟಲಿ ಕಿತ್ತುಕೊಂಡು ಧ್ಯಾನಕ್ಕೆ ಕೂರಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬರಬಹುದು, ಜೀವಕ್ಕೂ ಅಪಾಯ. 2014ರ ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದೂ ಮೊದಲ ಹಂತದ ಚಿಕಿತ್ಸೆ ಮುಗಿಸಿದವರನ್ನೇ. ಮೊದಲು ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ; ಕೂತ ಊರಿನಿಂದಲೇ ಕೇಳಬೇಕೆಂದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಕರೆ ಉಚಿತ.