ಬೆರಳಿಗೆ ಲೆಕ್ಕ ಕಲಿಸಿದ್ದು ಯಾರು?

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ನೋಡಿದ್ದೀರಾ?
ಎಲೆ, ಚಿಟಿಕೆ ತಂಬಾಕು, ಒಂದು ಸುತ್ತು, ದಾರದ ಗಂಟು.
ಬಾಯಲ್ಲಿ ಮಾತು ನಡೆದೇ ಇರುತ್ತದೆ.
ಬೆರಳು ಮಾತ್ರ ತಡವರಿಸುವುದಿಲ್ಲ!

ಹೇಗೆ?

1994ರ ಒಂದು ಪ್ರಯೋಗ ಕೇಳಿ.
ರೆಜಾ ಶಾದ್‌ಮೆಹರ್ ಮತ್ತು ಮುಸ್ಸಾ-ಇವಾಲ್ಡಿ ಎಂಬ ವಿಜ್ಞಾನಿಗಳು
ಜನರ ಕೈಗೆ ರೋಬೋಟಿನ ಹಿಡಿ ಕೊಟ್ಟರು.
ಗುರಿಯತ್ತ ಕೈ ಚಾಚಿದರೆ ರೋಬೋಟು ಪಕ್ಕಕ್ಕೆ ತಳ್ಳುತ್ತಿತ್ತು.
ಮೊದಮೊದಲು ಕೈ ಸೊಟ್ಟ ಹೋಯಿತು.
ರೂಢಿಯಾದ ಮೇಲೆ ನೆಟ್ಟಗಾಯಿತು.
ಆಮೇಲೆ ತಳ್ಳುವುದನ್ನೇ ನಿಲ್ಲಿಸಿದರು.
ಕೈ ಎದುರು ದಿಕ್ಕಿಗೆ ವಾಲಿತು!

ತುಂಬಿದೆ ಅಂದುಕೊಂಡು ಖಾಲಿ ಕೊಡ ಎತ್ತಿದರೆ
ಕೈ ಥಟ್ಟನೆ ಮೇಲೆ ಹಾರುತ್ತದಲ್ಲ, ಹಾಗೆ.
ಮಿದುಳು ಬಲವನ್ನು ಮೊದಲೇ ಲೆಕ್ಕ ಹಾಕಿಟ್ಟಿತ್ತು.

ಬೀಡಿಯಲ್ಲೂ ಅಷ್ಟೆ.
ಒಂದು ಎಲೆ ಮೆತ್ತಗೆ, ಇನ್ನೊಂದು ಗಡಸು.
ಬೆರಳಿನ ಒತ್ತಡ ಪ್ರತಿ ಸಲ ಚೂರು ಬದಲಾಗಲೇಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ
ಆದಿತ್ಯ ಮೂರ್ತಿ ಅವರೂ ಇದರ ಬೆನ್ನು ಹತ್ತಿದ್ದಾರೆ:
ಕಣ್ಣು-ಕೈ ಚಲನೆಯನ್ನು ಮಿದುಳು ಹೇಗೆ ಯೋಜಿಸುತ್ತದೆ,
ಕೊನೇ ಗಳಿಗೆಯಲ್ಲಿ ಹೇಗೆ ತಡೆಯುತ್ತದೆ?