ಕ್ಷಾಮದ ಹೊಣೆ ಮಳೆಯದೋ, ಮನುಷ್ಯನದೋ?

ಬೆಂಗಳೂರು ದಂಡಿನಲ್ಲಿ ಒಂದು ಕಾಲಕ್ಕೆ ‘ಯುನೈಟೆಡ್ ಸರ್ವಿಸಸ್ ಕ್ಲಬ್’ ಎನಿಸಿಕೊಂಡು, ಈಗ ಬೆಂಗಳೂರು ಕ್ಲಬ್ ಎಂದು ಹೆಸರಾಗಿರುವ ಸಂಸ್ಥೆಯೊಂದುಂಟು. ಅದರ ಹಳೆಯ ದಫ್ತರದಲ್ಲಿ ೧೮೯೯ನೆಯ ಇಸವಿ ಜೂನ್ ೧ರ ನಡವಳಿಯೊಂದು ಇಂದಿಗೂ ಭದ್ರವಾಗಿದೆ. ವಸೂಲಾಗದ ಬಾಕಿಗಳ ಆ ಪಟ್ಟಿಯಲ್ಲಿ ಲೆಫ್ಟಿನೆಂಟ್ ಡಬ್ಲ್ಯೂ. ಎಲ್. ಎಸ್. ಚರ್ಚಿಲ್ ಎಂಬ ತರುಣನ ಹೆಸರಿಗೆ ೧೩ ರೂಪಾಯಿ ನಿಂತಿದೆ. ಈತನೇ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್. ಹದಿಮೂರು ರೂಪಾಯಿಯ ಕಥೆ ನಗೆಗೆ ವಸ್ತುವಾಗಿ ಬಹು ಮಂದಿಗೆ ತಿಳಿದಿದೆ. ಆದರೆ ಆತನ ಮೇಲೆ ಹೊರಿಸಲಾಗಿರುವ ಇನ್ನೊಂದು ಬಾಕಿ ಲಕ್ಷಾಂತರ ಜೀವಗಳದು. ಅದನ್ನು ಕುರಿತ ವಾದ ಇನ್ನೂ ಮುಗಿದಿಲ್ಲ.

೧೮೯೬ರಲ್ಲಿ ನಾಲ್ಕನೆಯ ಹುಸ್ಸಾರ್ ಅಶ್ವದಳದೊಡನೆ ಚರ್ಚಿಲ್ ಬೆಂಗಳೂರಿಗೆ ಬಂದಾಗ ಆತನಿಗೆ ವಯಸ್ಸು ಇಪ್ಪತ್ತೊಂದು. ೧೮೮೧ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಹಿಂದಿರುಗಿದರೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿದಿತ್ತು. ಅಲ್ಲಿನ ವಸತಿಯ ನಕ್ಷೆಯೇ ಒಂದು ಪಾಠ. ಪೆರೇಡ್ ಮೈದಾನದ ಸುತ್ತ ವಿಶಾಲವಾದ ತೋಟಗಳ ನಡುವೆ ಅಧಿಕಾರಿಗಳ ಬಂಗಲೆಗಳು. ಇಂದು ಶಿವಾಜಿನಗರವಾಗಿರುವ ಬ್ಲ್ಯಾಕ್‌ಪಲ್ಲಿಯಲ್ಲಿಯೂ ಹಲಸೂರಿನಲ್ಲಿಯೂ ಅವರ ಮನೆ, ಲಾಯ, ಅಂಗಡಿಗಳನ್ನು ನಡೆಸುತ್ತಿದ್ದ ನಮ್ಮ ಜನರ ಇಕ್ಕಟ್ಟಾದ ಬೀದಿಗಳು. ಚರ್ಚಿಲ್ ಬಂಗಲೆಯಲ್ಲಿದ್ದುಕೊಂಡು ಬೆಳಗ್ಗೆ ಕವಾಯತು, ಸಂಜೆ ಪೋಲೋ ಆಟ ನಡೆಸುತ್ತಿದ್ದ, ಗುಲಾಬಿ ಬೆಳೆಸಿದ, ಅರುವತ್ತೈದಕ್ಕೂ ಹೆಚ್ಚು ಬಗೆಯ ಚಿಟ್ಟೆಗಳನ್ನು ಹಿಡಿದು ಪೆಟ್ಟಿಗೆಯಲ್ಲಿಟ್ಟ. ಅವನ್ನು ಇಲಿಯೊಂದು ತಿಂದುಹಾಕಿತು! ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿ, ತಾಯಿ ಕಳುಹಿಸಿದ ಪುಸ್ತಕಗಳನ್ನು ಓದುತ್ತಿದ್ದ. ಗಿಬ್ಬನ್, ಮೆಕಾಲೆ, ಪ್ಲೇಟೋ, ಡಾರ್ವಿನ್ ಇವರ ಜೊತೆಗೆ ಆ ಪುಸ್ತಕಗಳಲ್ಲಿ ಮಾಲ್ಥಸನ ಜನಸಂಖ್ಯಾ ಪ್ರಬಂಧವೂ ಇತ್ತು.

ಈ ಕೊನೆಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ, ಕ್ಷಾಮ ರೋಗಗಳು ಅದನ್ನು ಮತ್ತೆ ಆಹಾರದ ಮಟ್ಟಕ್ಕೆ ಇಳಿಸುತ್ತವೆ ಎಂದು ೧೭೯೮ರಲ್ಲಿ ವಾದಿಸಿದವನು ಮಾಲ್ಥಸ್. ೧೮೦೫ರಿಂದ ಅವನು ಈಸ್ಟ್ ಇಂಡಿಯಾ ಕಂಪೆನಿಯ ಕಾಲೇಜಿನಲ್ಲಿಯೇ ಪ್ರಾಧ್ಯಾಪಕನಾಗಿದ್ದ. ಭಾರತವನ್ನಾಳಲು ಹಡಗು ಹತ್ತುತ್ತಿದ್ದ ಅನೇಕ ತರುಣರು ಅವನ ಪಾಠ ಕೇಳಿಯೇ ಬಂದವರು. ಹಸಿದು ಸಾಯುವವನನ್ನು ಕಂಡಾಗ ಇದು ಪ್ರಕೃತಿಯ ನಿಯಮವೆಂದು ಸುಮ್ಮನಾಗಲು ಆ ಸಿದ್ಧಾಂತದಲ್ಲಿ ಸುಲಭವಾದ ಸಮಾಧಾನವಿತ್ತು.

೧೯೪೩ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ ತಲೆದೋರಿತು. ಸರ್ಕಾರದ ವಿಚಾರಣಾ ಆಯೋಗ ೧೯೪೫ರಲ್ಲಿ ಸತ್ತವರು ಸುಮಾರು ೧೫ ಲಕ್ಷವೆಂದಿತು. ಮುಂದಿನ ವಿದ್ವಾಂಸರ ಎಣಿಕೆ ೨೦ ಲಕ್ಷದಿಂದ ೩೦ ಲಕ್ಷದವರೆಗೆ ಹೋಗುತ್ತದೆ. ಆಗ ಬ್ರಿಟನ್ನಿನ ಪ್ರಧಾನಿ ಚರ್ಚಿಲ್. ೨೦೧೦ರಲ್ಲಿ ಮಧುಶ್ರೀ ಮುಖರ್ಜಿಯವರ ಗ್ರಂಥವೊಂದು ಆತನ ಜನಾಂಗದ್ವೇಷವೇ ಈ ಸಾವುಗಳಿಗೆ ಮುಖ್ಯ ಕಾರಣವೆಂದು ಆರೋಪಿಸಿತು. ೨೦೨೦ರ ಜೂನ್ ತಿಂಗಳಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿರುವ ಆತನ ಪ್ರತಿಮೆಯ ಪೀಠದ ಮೇಲೆ, ಈತ ಜನಾಂಗದ್ವೇಷಿಯಾಗಿದ್ದನೆಂದು ಯಾರೋ ಬಣ್ಣದಲ್ಲಿ ಬರೆದರು. ೨೦೨೧ರ ಫೆಬ್ರವರಿಯಲ್ಲಿ ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನಲ್ಲೇ ಈ ವಿಷಯವಾಗಿ ಚರ್ಚಾಕೂಟ ನಡೆದು, ದೊಡ್ಡ ಗದ್ದಲವಾಗಿ, ಅದನ್ನು ಏರ್ಪಡಿಸಿದ್ದ ಮಂಡಲಿಯು ಕೆಲವೇ ತಿಂಗಳಲ್ಲಿ ವಿಸರ್ಜನೆಗೊಂಡಿತು.

ಇಂಥ ವಾದಗಳಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಅಧಿಕಾರಸ್ಥನ ಮನಸ್ಸಿನಲ್ಲಿ ಒಂದು ಜನಾಂಗದ ಮೇಲೆ ತಿರಸ್ಕಾರವಿತ್ತೇ ಎಂಬುದು ಒಂದು. ಆ ತಿರಸ್ಕಾರದಿಂದಲೇ ಅನಾಹುತವಾಯಿತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದ ಸಾಕ್ಷ್ಯವೇ ಬೇರೆ, ಎರಡನೆಯದಕ್ಕೆ ಬೇಕಾದ ಸಾಕ್ಷ್ಯವೇ ಬೇರೆ. ಒಂದನ್ನು ತೋರಿಸಿ ಇನ್ನೊಂದು ಸಿದ್ಧವಾಯಿತೆನ್ನುವುದು ಎರಡು ಪಕ್ಷದವರೂ ಮಾಡುವ ತಪ್ಪು.

ಮೊದಲನೆಯ ಪ್ರಶ್ನೆಗೆ ಉತ್ತರ ಕಷ್ಟವಿಲ್ಲ. ಭಾರತಮಂತ್ರಿಯಾಗಿದ್ದ ಲಿಯೋ ಅಮೆರಿ ಚರ್ಚಿಲನ ಪಕ್ಷದವನೇ, ಸಂಪುಟದ ಸಹೋದ್ಯೋಗಿಯೇ. ಆತನ ದಿನಚರಿಯಲ್ಲಿ ಚರ್ಚಿಲ್ ಭಾರತೀಯರನ್ನು ದ್ವೇಷಿಸುವೆನೆಂದು ಹೇಳಿದುದೂ, ಅವರು ಮೊಲಗಳಂತೆ ಹೆಚ್ಚುತ್ತಾರೆಂದು ಹೀಗಳೆದುದೂ ದಾಖಲಾಗಿವೆ. ಅದಕ್ಕೂ ಮೊದಲು, ೧೯೩೭ರಲ್ಲಿ ಪ್ಯಾಲೆಸ್ಟೈನನ್ನು ಕುರಿತ ರಾಜಮನೆತನದ ಆಯೋಗದೆದುರು ಸಾಕ್ಷಿ ನುಡಿಯುತ್ತ, ಅಮೆರಿಕ ಮತ್ತು ಆಸ್ಟ್ರೇಲಿಯಗಳ ಮೂಲನಿವಾಸಿಗಳ ನೆಲಕ್ಕೆ ಹೆಚ್ಚು ಬಲಶಾಲಿಯಾದ ಜನಾಂಗ ಬಂದುದರಲ್ಲಿ ಅನ್ಯಾಯವೇನೂ ಇಲ್ಲವೆಂದು ಆತ ಹೇಳಿದ್ದ. ಯುದ್ಧಕಾಲದ ಸಿಟ್ಟಿನ ಮಾತೆಂದು ಇವೆಲ್ಲವನ್ನೂ ತಳ್ಳಿಹಾಕುವುದು ನನಗಂತೂ ಸಾಧ್ಯವಾಗದು, ೧೯೩೭ರಲ್ಲಿ ಯುದ್ಧವಿರಲಿಲ್ಲ.

ಎರಡನೆಯ ಪ್ರಶ್ನೆಗೆ ದಿನಚರಿಗಳು ಸಾಲವು. ಇಲ್ಲಿ ಗದ್ದೆಗೇ ಇಳಿಯಬೇಕು. ಬಂಗಾಳದಲ್ಲಿ ಅಕ್ಕಿ ಇರಲೇ ಇಲ್ಲವೇ? ಇಲ್ಲದಿದ್ದರೆ ಮಳೆ ಕೈಕೊಟ್ಟಿತೇ?

ಮಣ್ಣಿನ ತೇವವನ್ನು ಮನೆಯ ಜಮಾಖರ್ಚಿನಂತೆ ಲೆಕ್ಕ ಹಾಕಬಹುದು. ಮಳೆ ಜಮೆ, ಆವಿಯಾಗಿ ಹೋಗುವುದು, ಬೆಳೆ ಹೀರುವುದು, ಹಳ್ಳಕ್ಕೆ ಹರಿದು ಹೋಗುವುದು ಖರ್ಚು, ಉಳಿದದ್ದು ಬೇರಿಗೆ ದೊರೆಯುವ ನೀರು. ಹಳೆಯ ಮಳೆಮಾಪಕ ಕೇಂದ್ರಗಳ ದಾಖಲೆಗಳು ಉಳಿದಿರುವುದರಿಂದ, ಎಂದೋ ಒಣಗಿಹೋದ ನೆಲದ ತೇವವನ್ನೂ ಗಣಕಯಂತ್ರದ ನೆರವಿನಿಂದ ಇಂದು ಕಂಡುಹಿಡಿಯಬಹುದಾಗಿದೆ. ಗಾಂಧಿನಗರದ ಐ.ಐ.ಟಿ.ಯ ವಿಮಲ್ ಮಿಶ್ರ ಮತ್ತು ಅವರ ಸಂಗಡಿಗರು ೧೮೭೦ರಿಂದ ೨೦೧೬ರವರೆಗಿನ ಭಾರತದ ಲೆಕ್ಕವನ್ನು ಹೀಗೆ ಕಟ್ಟಿ ೨೦೧೯ರಲ್ಲಿ ಪ್ರಕಟಿಸಿದರು. ಆ ಅವಧಿಯ ಆರು ಮಹಾಕ್ಷಾಮಗಳಲ್ಲಿ ಐದಕ್ಕೆ ಮಣ್ಣು ಒಣಗಿದ್ದುದರ ಸಂಬಂಧ ಸ್ಪಷ್ಟವಾಗಿ ಕಂಡಿತು. ಒಂದಕ್ಕೆ ಕಾಣಲಿಲ್ಲ. ಅದೇ ೧೯೪೩ರದು. ಪೂರ್ವಭಾರತದಲ್ಲಿ ಬರದ ಬಿಗಿ ಹೆಚ್ಚಾಗಿದ್ದುದು ೧೯೪೧ರಲ್ಲಿ. ೧೯೪೩ರ ಮಳೆಗಾಲದ ಕೊನೆಯ ಭಾಗದಲ್ಲಿ ಮಳೆ ವಾಡಿಕೆಗಿಂತ ಹೆಚ್ಚೇ ಆಗಿತ್ತು.

ಹೋಲಿಕೆಗೆ ನಮ್ಮ ನಾಡಿನದೇ ನಿದರ್ಶನ ತೆಗೆದುಕೊಳ್ಳಬಹುದು. ಚರ್ಚಿಲ್ ಬೆಂಗಳೂರಿಗೆ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲು, ೧೮೭೬–೭೮ರಲ್ಲಿ, ಮೈಸೂರು ಸಂಸ್ಥಾನವನ್ನು ಕ್ಷಾಮ ಹಿಂಡಿತ್ತು. ೧೮೭೧ರಲ್ಲಿ ೫೦,೫೫,೪೧೨ ಇದ್ದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಇಲ್ಲಿ ಮಳೆ ನಿಜವಾಗಿ ಸೋತಿತ್ತು. ಮಣ್ಣಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಹೊಲ ಒಣಗಿತು, ಹಗೇವಿನ ರಾಗಿ ಮುಗಿಯಿತು. ಮದರಾಸಿನಿಂದ ಧಾನ್ಯ ಹೊತ್ತ ರೈಲು ಜೋಲಾರಪೇಟೆ ದಾಟಿ, ಈಗಿನ ಕೃಷ್ಣರಾಜಪುರದ ಹಾದಿಯಾಗಿ ದಂಡಿನ ನಿಲ್ದಾಣಕ್ಕೆ ಬರುತ್ತಿತ್ತು. ಹಳಿ ಬೆಂಗಳೂರಿಗೇ ಮುಗಿಯುತ್ತಿತ್ತು. ಮುಂದಕ್ಕೆ ಎತ್ತಿನ ಗಾಡಿಯೇ ಗತಿ, ಎತ್ತುಗಳಿಗೋ ಮೇವಿಲ್ಲ. ಆದರೆ ಮಳೆಯ ಕ್ಷಾಮದಲ್ಲಿಯೂ ಅಧಿಕಾರಿಯ ಲೇಖನಿಗೆ ಕೆಲಸವಿತ್ತು. ೧೮೭೭ರಲ್ಲಿ ವೈಸರಾಯನ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರದ ಕೆಲಸಗಾರನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯವೂ ಚೂರುಪಾರು ಕಾಸೂ ಸಾಕೆಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ದುಡಿಯುವ ದೇಹಕ್ಕೆ ಇಷ್ಟು ಸಾಲದೆಂದು ಅಂಕಿಅಂಶಗಳೊಡನೆ ಬಹಿರಂಗವಾಗಿ ವಾದಿಸಿದ. ಪತ್ರಿಕೆಗಳಲ್ಲಿ ಕೋಲಾಹಲವಾಗಿ, ಕೆಲವು ತಿಂಗಳ ತರುವಾಯ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು.

ಮತ್ತೆ ಬಂಗಾಳಕ್ಕೆ ಹೋಗೋಣ. ಒಂಬತ್ತು ವರ್ಷದ ಬಾಲಕನಾಗಿ ಆ ಕ್ಷಾಮವನ್ನು ಕಣ್ಣಾರೆ ಕಂಡ ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ ಆಹಾರದ ಲೆಕ್ಕ ತೆಗೆದರು. ೧೯೪೩ರಲ್ಲಿ ದೊರೆಯುತ್ತಿದ್ದ ಧಾನ್ಯ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇಕಡಾ ೫ರಷ್ಟು ಮಾತ್ರ ಕಡಮೆ. ಕ್ಷಾಮವಿಲ್ಲದ ೧೯೪೧ಕ್ಕಿಂತ ಶೇಕಡಾ ೧೩ರಷ್ಟು ಹೆಚ್ಚು. ಅಕ್ಕಿ ಇದ್ದಿತು, ಯುದ್ಧದ ಖರ್ಚಿನಿಂದ ಬೆಲೆ ಗಗನಕ್ಕೇರಿ, ಕೃಷಿಕೂಲಿಯವನ, ಬೆಸ್ತನ ಕೈಗೆ ಎಟುಕದೆ ಹೋಯಿತು ಎಂಬುದು ಅವರ ತೀರ್ಮಾನ.

ಇದಕ್ಕೆ ಸಸ್ಯರೋಗಶಾಸ್ತ್ರದಿಂದ ಬಂದ ಆಕ್ಷೇಪ ಬಹು ಸ್ವಾರಸ್ಯವಾದದ್ದು. ೧೯೭೩ರಲ್ಲಿ ಎಸ್. ವೈ. ಪದ್ಮನಾಭನ್ ಎಂಬ ಭತ್ತದ ತಜ್ಞರು, ೧೯೪೨ರ ಪೈರನ್ನು ಹೆಲ್ಮಿಂಥೋಸ್ಪೋರಿಯಮ್ ಎಂಬ ಶಿಲೀಂಧ್ರದಿಂದ ಬರುವ ಕಂದುಚುಕ್ಕೆ ರೋಗ ಹಾಳುಮಾಡಿತ್ತೆಂದು ತೋರಿಸಿದರು. ಮೋಡ ಮುಸುಕಿ ತೇವ ಹೆಚ್ಚಾದಾಗ ಈ ಬೂಷ್ಟು ಎಲೆ, ಕಾಳುಗಳ ಮೇಲೆ ಹಬ್ಬುತ್ತದೆ. ಅಂದರೆ ಮಣ್ಣು ಒಣಗದೆಯೂ ಬೆಳೆ ಕೆಡಬಹುದು. ಮಣ್ಣಿನ ತೇವದ ಲೆಕ್ಕಕ್ಕೆ ಈ ನಷ್ಟ ಕಾಣಿಸುವುದಿಲ್ಲ. ಆದರೆ ಪದ್ಮನಾಭನ್ನರ ಅಂಕಿಗಳು ಚಿನ್ಸುರಾ ಮತ್ತು ಬಾಂಕುರಾದ ಎರಡು ಸಂಶೋಧನಾ ಕ್ಷೇತ್ರಗಳವು. ಇಡೀ ಬಂಗಾಳಕ್ಕೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆಂಬುದರಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ಇದರ ಮೇಲೆ ೧೯೪೨ರ ಅಕ್ಟೋಬರಿನಲ್ಲಿ ಮಿಡ್ನಾಪುರದ ಚಂಡಮಾರುತ ಬೀಸಿತ್ತು; ಬರ್ಮಾ ಜಪಾನಿನ ವಶವಾಗಿ ಅಲ್ಲಿಯ ಅಕ್ಕಿ ನಿಂತಿತ್ತು; ಶತ್ರುವಿಗೆ ಸಿಗಬಾರದೆಂದು ಸರ್ಕಾರವೇ ಕರಾವಳಿಯ ದೋಣಿಗಳನ್ನು ಕಸಿದುಕೊಂಡಿತ್ತು.

ಕೊರತೆ ಚಿಕ್ಕದಿರಲಿ ದೊಡ್ಡದಿರಲಿ, ಹೊರಗಿನಿಂದ ಧಾನ್ಯ ತಂದು ಬೆಲೆ ಇಳಿಸಬಹುದಿತ್ತಲ್ಲವೆ? ಪಕ್ಷಪಾತದ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಅದೇ ಅಧಿಕಾರಸ್ಥ, ಅದೇ ತಿಂಗಳಲ್ಲಿ, ಅದೇ ಹಡಗುಗಳನ್ನು ಬೇರೊಂದು ಜನರಿಗೆ ಹೇಗೆ ಹಂಚಿದ ಎಂದು ನೋಡಬೇಕು. ೧೯೪೩ರ ಬೇಸಗೆಯಲ್ಲಿ ವೈಸರಾಯ್ ಲಿನ್‌ಲಿಥ್‌ಗೋ ಕೇಳಿದ್ದು ೫ ಲಕ್ಷ ಟನ್. ಆಗಸ್ಟಿನಲ್ಲಿ ಯುದ್ಧಸಂಪುಟ ಒಪ್ಪಿದ್ದು ಅದರ ಸಣ್ಣ ಪಾಲು. ಅತ್ತ ಆಸ್ಟ್ರೇಲಿಯದ ಗೋಧಿ, ಮುಂದೆ ಬಿಡುಗಡೆಯಾಗಲಿದ್ದ ಐರೋಪ್ಯ ದೇಶಗಳಿಗೆಂದು ಭಾರತವನ್ನು ದಾಟಿ ಮೆಡಿಟರೇನಿಯನ್ ಕಡೆಗೆ ಸಾಗುತ್ತಿತ್ತೆಂದು ಮುಖರ್ಜಿಯವರು ದಾಖಲೆಗಳಿಂದ ವಾದಿಸುತ್ತಾರೆ. ಚರ್ಚಿಲನ ಪರ ವಹಿಸುವವರು ಹಡಗುಗಳ ಅಭಾವ, ಜಪಾನೀ ಜಲಾಂತರ್ಗಾಮಿಗಳ ಭಯ, ಬಂಗಾಳದ ವರ್ತಕರ ದಾಸ್ತಾನು, ಧಾನ್ಯ ಬಿಡಲೊಲ್ಲದ ನೆರೆಯ ಪ್ರಾಂತಗಳು ಇವನ್ನೆಲ್ಲ ಮುಂದಿಡುತ್ತಾರೆ. ೧೯೪೩ರ ಅಕ್ಟೋಬರಿನಲ್ಲಿ ವೇವೆಲನನ್ನು ವೈಸರಾಯನಾಗಿ ಕಳುಹಿಸಿದವನೂ ಚರ್ಚಿಲನೇ, ಆ ವೇವೆಲ್ ಸೈನ್ಯವನ್ನು ಪರಿಹಾರಕ್ಕೆ ಇಳಿಸಿದ, ೧೯೪೪ರ ಕೊನೆಯ ಹೊತ್ತಿಗೆ ಹಲವು ಲಕ್ಷ ಟನ್ ಧಾನ್ಯ ಬಂದಿತು ಎಂದೂ ಹೇಳುತ್ತಾರೆ. ಈ ಮಾತುಗಳೂ ಸುಳ್ಳಲ್ಲ. ಆದರೆ ಹಡಗು ಕಡಮೆಯಿದ್ದಾಗಲೇ ಯಾರ ಹಸಿವು ಮೊದಲು ಎಂಬ ಆಯ್ಕೆ ಏಳುವುದು. ಹಡಗಿನ ಅಭಾವವೊಂದನ್ನೇ ಹೇಳಿದರೆ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ. ಆ ದಿನಗಳಲ್ಲಿ ಭಾರತದ ಅಹವಾಲು ಸಂಪುಟದೆದುರು ಬಂದಾಗಲೆಲ್ಲ ಚರ್ಚಿಲ್ ಆಡಿದ ಮೂದಲೆಯ ಮಾತುಗಳಿಂದ ರೇಗಿ, ಈತನ ದೃಷ್ಟಿಗೂ ಹಿಟ್ಲರನ ದೃಷ್ಟಿಗೂ ತನಗೆ ಹೆಚ್ಚು ಅಂತರ ಕಾಣದೆಂದು ಅಮೆರಿ ಒಮ್ಮೆ ಹೇಳಿಬಿಟ್ಟ.

೧೯೪೪ರ ಏಪ್ರಿಲ್ ೨೯ರಂದು ಚರ್ಚಿಲ್ ತಾನೇ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟನಿಗೆ ತಂತಿ ಕಳುಹಿಸಿ, ಆಸ್ಟ್ರೇಲಿಯದಿಂದ ಭಾರತಕ್ಕೆ ಗೋಧಿ ಸಾಗಿಸಲು ಹಡಗುಗಳನ್ನು ಬೇಡಿದ. ಯುದ್ಧದ ಕೆಲಸದಿಂದ ಹಡಗು ಬಿಡಿಸಲಾಗದೆಂದು ರೂಸ್‌ವೆಲ್ಟ್ ಜೂನ್ ತಿಂಗಳಲ್ಲಿ ಉತ್ತರ ಕೊಟ್ಟ. ಆ ತಂತಿ ಹೋದಾಗ ೧೯೪೩ರ ಚಳಿಗಾಲದ ಭತ್ತ ಕೊಯ್ಲಾಗಿ ನಾಲ್ಕು ತಿಂಗಳಾಗಿತ್ತು. ಬಂಗಾಳದ ಹಳ್ಳಿಗಳಲ್ಲಿ ಆಗ ಜನ ಸಾಯುತ್ತಿದ್ದುದು ಹೆಚ್ಚಾಗಿ ಮಲೇರಿಯ ಮತ್ತು ಇತರ ರೋಗಗಳಿಂದ. ಹಸಿವು ಅವರ ಮೈಯಲ್ಲಿ ರೋಗವನ್ನೆದುರಿಸುವ ಬಲವನ್ನು ಉಳಿಸಿರಲಿಲ್ಲ.